ನಟ್ ತಿರುಗಿರಲೇ ಇಲ್ಲ: ಸ್ಕೂಟರ್ ಸೈಲೆನ್ಸರ್ ಬಿಗಿಯಾಗಿ ನಿಂತ ಕಥೆ

ಹೆಚ್ಚೂಕಡಿಮೆ ಏಳು ಸಾವಿರ ಕಿಲೋಮೀಟರ್ ಆಯಿತು. ನನ್ನ 125 ಸಿಸಿ ಸ್ಕೂಟರಿನ ಸೈಲೆನ್ಸರ್ ನಟ್‌ಗಳು ಕೂರಿಸಿದಲ್ಲೇ ಕೂತಿವೆ. "ಇದೂ ಒಂದು ತಿಂಗಳ ಆಟ, ಆಮೇಲೆ ನನ್ನ ಹತ್ತಿರವೇ ಬರುತ್ತೀರಿ" ಎಂದಿದ್ದ ಹಿರಿಯ ಮೆಕ್ಯಾನಿಕ್ ಮೊನ್ನೆ ತಾವಾಗಿಯೇ ಬಗ್ಗಿ ಟಾರ್ಚ್ ಹಾಕಿ ನೋಡಿದರು. ಏನೂ ಹೇಳದೆ ಎದ್ದು ಕೈ ಒರೆಸಿಕೊಂಡರು. ನನಗೆ ಅಷ್ಟು ಸಾಕಾಗಿತ್ತು.

ತೊಂದರೆ ನಿಮಗೆಲ್ಲ ಗೊತ್ತಿರುವುದೇ: ಸೈಲೆನ್ಸರ್ ಪದೇ ಪದೇ ಸಡಿಲವಾಗುವುದು. ಇಂಜಿನ್ ಹೆಡ್‌ನಲ್ಲಿ ಎರಡು ಎಂ6 ಸ್ಟಡ್ (ಆರು ಮಿಲಿಮೀಟರ್ ದಪ್ಪದ, ತಲೆಯಿಲ್ಲದ ಬೋಲ್ಟ್), ಅವುಗಳ ಮೇಲೆ ನಟ್ ಹಾಕಿ ಬಿಗಿಯುವ ಫ್ಲೇಂಜ್, ಅಂದರೆ ಪೈಪಿನ ತುದಿಯ ಚಪ್ಪಟೆ ಪಟ್ಟಿ, ಹಿಂದೆ ಇಂಜಿನ್ ಕೇಸಿಗೆ ಕಚ್ಚುವ ಎರಡು ಎಂ8 ಬೋಲ್ಟ್. ಸುಮಾರು ನಾನೂರು ಕಿಲೋಮೀಟರಿಗೊಮ್ಮೆ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಎಂಬ ಸದ್ದು ಶುರುವಾಗುತ್ತಿತ್ತು. ಬಗ್ಗಿ ನೋಡಿದರೆ ಫ್ಲೇಂಜ್ ಸುತ್ತ ಕಪ್ಪು ಮಸಿ. ನಟ್ ಬೆರಳಿಗೇ ತಿರುಗುತ್ತಿತ್ತು. ಒಮ್ಮೆ ಒಂದು ನಟ್ ದಾರಿಯಲ್ಲೇ ಬಿದ್ದುಹೋಗಿ, ಪೈಪಿನ ಭಾರವೆಲ್ಲ ಹಿಂದಿನ ಬ್ರಾಕೆಟ್ ಮೇಲೆ ಬಿದ್ದು, ಬ್ರಾಕೆಟ್ ಬೆಸುಗೆಯ ಪಕ್ಕದಲ್ಲೇ ಬಿರುಕುಬಿಟ್ಟಿತು.

ಎಲ್ಲರೂ ಮಾಡುವ ಮೊದಲ ತಪ್ಪನ್ನು ನಾನೂ ಮಾಡಿದೆ: ಇನ್ನೂ ಬಿಗಿ ಮಾಡಿದೆ. ಸ್ಪ್ಯಾನರ್ ಹಗುರವಾದಂತೆ ಅನ್ನಿಸಿದ ಆ ಕ್ಷಣ ಇಂದಿಗೂ ಕೈಯಲ್ಲಿದೆ. ಸ್ಟಡ್ ಹೆಡ್‌ನ ಮಟ್ಟಕ್ಕೇ ಮುರಿದಿತ್ತು. ಕೊರೆದು ತೆಗೆಯಲು ಹೋದಾಗ ಡ್ರಿಲ್ ಬಿಟ್ ಸ್ಟಡ್ ಬಿಟ್ಟು ಮೆತ್ತಗಿನ ಅಲ್ಯೂಮಿನಿಯಮ್ ಕಡೆಗೆ ಜಾರಿತು. ಲೇತ್‌ನವರ ಹತ್ತಿರ ಹೋಗಿ ಹೆಲಿಕಾಯಿಲ್ (ಹಾಳಾದ ರಂಧ್ರಕ್ಕೆ ಹೊಸ ಥ್ರೆಡ್ ಕೊಡುವ ತಂತಿಸುರುಳಿ) ಹಾಕಿಸುವುದರಲ್ಲಿ ಖರ್ಚಾದ ಹಣಕ್ಕೆ ಹೊಸ ಸೈಲೆನ್ಸರೇ ಬರುತ್ತಿತ್ತು. ಎರಡು ನಟ್‌ಗಳ ಬೆಲೆಯ ಜೊತೆ ಇದನ್ನು ಹೋಲಿಸಿಕೊಂಡು ಎರಡು ದಿನ ನಿದ್ದೆಗೆಟ್ಟೆ.

ಆಮೇಲೆ ಶುರುವಾಯಿತು ಪ್ರಯೋಗಗಳ ಸಾಲು. ಸ್ಪ್ರಿಂಗ್ ವಾಷರ್ ಹಾಕಿದೆ. ಇನ್ನೂರೈವತ್ತು ಕಿಲೋಮೀಟರಿಗೆ ಬಿಚ್ಚಿದಾಗ ನೀಲಿ ಬಣ್ಣಕ್ಕೆ ತಿರುಗಿ, ಸತ್ತ ಹುಳದಂತೆ ಚಪ್ಪಟೆಯಾಗಿತ್ತು. ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ ಹಾಕಿದ್ದನ್ನು ಹೇಳಿಕೊಳ್ಳಲು ನಾಚಿಕೆ. ನೈಲಾನ್ 120 ಡಿಗ್ರಿ ದಾಟಿದರೆ ಕೈಕೊಡುತ್ತದೆ ಎಂದು ಗೊತ್ತಿದ್ದೂ "ನೋಡೋಣ" ಎಂದುಕೊಂಡಿದ್ದೆ. ಮೊದಲ ಸುತ್ತಿನಲ್ಲೇ ವಾಸನೆ ಬಂತು. ಥ್ರೆಡ್‌ಗೆ ಹಚ್ಚುವ ನೀಲಿ ಅಂಟು, ಥ್ರೆಡ್ ಲಾಕ್, ಪುಡಿಯಾಗಿ ಉದುರಿತು. ಹೆಚ್ಚು ಶಾಖ ತಡೆಯುವ ಕೆಂಪು ಅಂಟು ಆರುನೂರು ಕಿಲೋಮೀಟರ್ ಹಿಡಿದಿತ್ತು ನಿಜ. ಆದರೆ ಬಿಚ್ಚುವಾಗ ನಟ್ ಜೊತೆ ಸ್ಟಡ್ ಕೂಡ ಹೊರಗೆ ಬಂತು. ಹಿಂದಿನ ಎಂ8 ಬೋಲ್ಟ್‌ಗಳಿಗೆ ಮಾತ್ರ ಅದೇ ನೀಲಿ ಅಂಟು ಇವತ್ತಿಗೂ ಚೆನ್ನಾಗಿದೆ. ಅಲ್ಲಿ ಅಷ್ಟು ಕಾವಿಲ್ಲ.

ಲಾಕ್ ವೈರ್, ಅಂದರೆ ನಟ್ ತಿರುಗದಂತೆ ಕಟ್ಟುವ ತಂತಿಯ ಕಥೆ ಬೇರೆಯೇ. ಎಂ6 ನಟ್‌ನ ಮೂಲೆಗೆ ಒಂದು ಮಿಲಿಮೀಟರ್ ರಂಧ್ರ ಕೊರೆಯಲು ಐದು ಬಿಟ್ ಮುರಿದೆ. ಆರನೆಯದರಲ್ಲಿ ರಂಧ್ರವಾಯಿತು, ತಂತಿ ಹೆಣೆದೆ, ಫೋಟೋ ತೆಗೆದು ನಾಲ್ಕು ಜನರಿಗೆ ತೋರಿಸಿದೆ. ನಟ್ ಬೀಳಲಿಲ್ಲ, ನಿಜ. ಐನೂರು ಕಿಲೋಮೀಟರಿಗೆ ಪಟ್ ಪಟ್ ಮಾತ್ರ ಮತ್ತೆ ಬಂತು. ತಂತಿ ನೆಟ್ಟಗೇ ಇತ್ತು, ಒಳಗೆ ನಟ್ ಸಡಿಲ!

ನನ್ನ ತಲೆ ತಿರುಗಿದ್ದು ಅಲ್ಲಿ. ಪೇಂಟ್ ಸುಟ್ಟುಹೋಗುತ್ತದೆ ಎಂದು ಗೀರುಮುಳ್ಳಿನಿಂದ ಸ್ಟಡ್ ತುದಿಯಿಂದ ನಟ್ ಮೇಲೆ ಹಾದು ಫ್ಲೇಂಜ್‌ವರೆಗೆ ಒಂದೇ ನೇರ ಗೆರೆ ಎಳೆದೆ. ಮುನ್ನೂರು ಕಿಲೋಮೀಟರ್ ಓಡಿಸಿ ನೋಡಿದೆ. ಗೆರೆ ಕೂದಲೆಳೆಯಷ್ಟೂ ಕದಲಿರಲಿಲ್ಲ, ಆದರೆ ಸ್ಪ್ಯಾನರ್ ಇಟ್ಟರೆ ನಟ್‌ಗೆ ಬಿಗಿಯೇ ಇಲ್ಲ. ಅಂದರೆ ನಟ್ ತಿರುಗಿರಲೇ ಇಲ್ಲ. ಅದರ ಕೆಳಗಿನದು ಕುಸಿದಿತ್ತು. ಇಷ್ಟು ದಿನ ಕಳ್ಳನಿಲ್ಲದ ಬಾಗಿಲಿಗೆ ಬೀಗದ ಮೇಲೆ ಬೀಗ ಹಾಕುತ್ತಾ ಬಂದಿದ್ದೆ.

ಕುಸಿಯುತ್ತಿದ್ದದ್ದು ಮುಖ್ಯವಾಗಿ ಗ್ಯಾಸ್ಕೆಟ್, ಹೆಡ್ ಮತ್ತು ಪೈಪಿನ ನಡುವೆ ಹೊಗೆ ಸೋರದಂತೆ ಕೂರುವ ಉಂಗುರ. ದುಡ್ಡು ಉಳಿಸಲು ಹಳೆಯದನ್ನೇ ಮೂರು ಸಲ ತಿರುವಿ ಹಾಕಿದ್ದೆ. ಹೊಸದು ಕೂಡ ಮೊದಲ ಕೆಲವು ಕಾವುಗಳಲ್ಲಿ ಅಮುಕಿಕೊಳ್ಳುತ್ತದೆ. ಎಂ6 ಸ್ಟಡ್ ಅಷ್ಟು ಗಿಡ್ಡ. ಬಿಗಿ ಮಾಡಿದಾಗ ಅದು ಸ್ಪ್ರಿಂಗಿನಂತೆ ಹಿಗ್ಗಿ ಹಿಡಿದಿರುವುದೇ ಅತ್ಯಲ್ಪ, ಕೆಳಗೆ ಒಂದಿಷ್ಟು ಕುಸಿದರೂ ಹಿಡಿತವೆಲ್ಲ ಮಾಯ. ಎರಡನೆಯ ಅಪರಾಧಿ ಸಿಕ್ಕಿದ್ದು ಹಿಂದಿನ ಬೋಲ್ಟ್‌ಗಳನ್ನು ಪೂರ್ತಿ ತೆಗೆದು ಪೈಪನ್ನು ಫ್ಲೇಂಜ್ ಮೇಲೆ ಮಾತ್ರ ನಿಲ್ಲಿಸಿ ನೋಡಿದಾಗ. ಬ್ರಾಕೆಟ್ ಮತ್ತು ಕೇಸಿನ ನಡುವೆ ಮೂರು ಮಿಲಿಮೀಟರ್ ಸಂದು, ರಂಧ್ರವೂ ಅರ್ಧ ಚಂದ್ರನಂತೆ ಪಕ್ಕಕ್ಕೆ. ಬಿರುಕಿಗೆ ಬೆಸುಗೆ ಹಾಕಿಸಿದಾಗ ಬ್ರಾಕೆಟ್ ಬಾಗಿತ್ತೋ, ಮೊದಲಿನಿಂದಲೇ ಹಾಗಿತ್ತೋ. ನಾನು ಪ್ರತಿ ಸಲ ಬೋಲ್ಟಿನಿಂದಲೇ ಅದನ್ನು ಎಳೆದು ಕೂರಿಸುತ್ತಿದ್ದೆ, ಮುಂದೆ ಬಡಪಾಯಿ ಸ್ಟಡ್‌ಗಳು ಆ ಎಳೆತವನ್ನು ಹಗಲಿರುಳು ಹೊರುತ್ತಿದ್ದವು.

ದುಂಡನೆಯ ಅರದಿಂದ ಬ್ರಾಕೆಟ್ ರಂಧ್ರವನ್ನು ಉದ್ದ ಮಾಡಿ, ಸಂದಿಗೆ ದಪ್ಪ ವಾಷರ್ ಕೊಟ್ಟೆ. ಈಗ ಬೋಲ್ಟ್ ಬೆರಳಿನಲ್ಲೇ ಕೊನೆಯವರೆಗೆ ಹೋಗುತ್ತದೆ. ಹದಿನೈದು ಮಿಲಿಮೀಟರ್ ಉದ್ದ ಹೆಚ್ಚಿರುವ ಸ್ಟಡ್ ಹಾಕಿ, ಆ ಹೆಚ್ಚುವರಿ ಉದ್ದಕ್ಕೆ ನಟ್ ಕೆಳಗೆ ಉಕ್ಕಿನ ಕೊಳವೆಯ ತುಂಡುಗಳನ್ನು ಕೂರಿಸಿದೆ. ಸ್ಟಡ್ ಉದ್ದವಾದಷ್ಟೂ ಹೆಚ್ಚು ಹಿಗ್ಗುತ್ತದೆ, ಸ್ವಲ್ಪ ಕುಸಿದರೂ ಹಿಡಿದೇ ಇರುತ್ತದೆ. ಲೇತ್‌ನವರು ಈ ತುಂಡುಗಳನ್ನು ನೋಡಿ, "ನಟ್‌ಗೆ ಷರಾಯಿ ಹೊಲಿಸುತ್ತಿದ್ದೀರಾ?" ಎಂದು ನಕ್ಕರು. ಆ ಕೊಳವೆಯನ್ನು ಯಾವ ಹಳೆಯ ಭಾಗದಿಂದ ಕತ್ತರಿಸಿದೆ ಎಂಬುದನ್ನು ಹೇಳುವುದಿಲ್ಲ. ನಿಮ್ಮ ಗುಜರಿ ಡಬ್ಬದಲ್ಲೂ ಅದು ಇರುತ್ತದೆ, ಹುಡುಕಿ. ಮೇಲೆ ತಾಮ್ರಲೇಪದ ಲೋಹದ ಲಾಕ್ ನಟ್. ಹೊಸ ಗ್ಯಾಸ್ಕೆಟ್ಟಿಗೆ ಸವರಿದ್ದನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಹಿತ್ತಾಳೆ ನಟ್‌ಗಳನ್ನೂ ನೋಡಿದೆ. ಬಿಚ್ಚಲು ಬೆಣ್ಣೆಯಂತೆ ಬರುತ್ತವೆ, ತುಕ್ಕಿನ ಕಾಟವಿಲ್ಲ. ಆದರೆ ನಾಲ್ಕನೆಯ ಸಲಕ್ಕೆ ನನ್ನ ಒಂದು ನಟ್‌ನ ಥ್ರೆಡ್ ಸವೆದಿತ್ತು. ಆಗಾಗ ಬಿಚ್ಚದವರಿಗೆ ಅದೂ ಒಳ್ಳೆಯದೇ. ಹಿಂದಿನ ಬೋಲ್ಟ್‌ಗಳಿಗೆ ರಬ್ಬರ್ ವಾಷರ್ ಹಾಕಿ ನಡುಕ ತಗ್ಗಿಸಲು ಹೋದದ್ದು ಶುದ್ಧ ದಡ್ಡತನ. ಎರಡು ವಾರಕ್ಕೆ ಕಲ್ಲಿನಂತಾಯಿತು.

ಕೂರಿಸುವಾಗ ನಾಲ್ಕನ್ನೂ ಮೊದಲು ಬೆರಳಿನಲ್ಲಿ ಹಿಡಿಸಿದೆ. ಆಮೇಲೆ ಫ್ಲೇಂಜ್ ನಟ್‌ಗಳನ್ನು ಅದಕ್ಕೊಂದು ಇದಕ್ಕೊಂದು ಅರ್ಧ ಸುತ್ತಿನಂತೆ ತಂದು, ಎಲ್ಲಕ್ಕಿಂತ ಕೊನೆಗೆ ಹಿಂದಿನ ಬೋಲ್ಟ್‌ಗಳು. ಫ್ಲೇಂಜ್‌ಗೆ ಸುಮಾರು ಹತ್ತು ನ್ಯೂಟನ್ ಮೀಟರ್ ತಿರುಚುಬಲ ಸಾಕು. ಥ್ರೆಡ್‌ಗೆ ತಾಮ್ರದ ಪೇಸ್ಟ್ ಹಚ್ಚಿ ಜಾರಿಕೆ ಹೆಚ್ಚಿದ್ದರಿಂದ ನಾನು ಎಂಟಕ್ಕೆ ನಿಲ್ಲಿಸಿದೆ, ಲಾಕ್ ನಟ್ ಸುಮ್ಮನೆ ತಿರುಗಲು ಬೇಡುವ ಬಲವನ್ನು ಬೇರೆಯಾಗಿ ಸೇರಿಸಿಕೊಂಡೆ. ಚಕ್ರದ ನಟ್‌ಗೆ ಬಳಸುವ ದೊಡ್ಡ ಟಾರ್ಕ್ ರೆಂಚ್‌ಗೆ (ನಿಗದಿತ ಬಲ ತಲುಪಿದಾಗ ಟಕ್ ಎನ್ನುವ ಸ್ಪ್ಯಾನರ್) ಇಷ್ಟು ಸಣ್ಣ ಬಲ ಗೊತ್ತೇ ಆಗುವುದಿಲ್ಲ. ಚಿಕ್ಕದೊಂದನ್ನು ಕೊಂಡೆ, ಈ ಇಡೀ ಕಥೆಯಲ್ಲಿ ಲೇತ್ ಕೆಲಸ ಬಿಟ್ಟರೆ ಅದೇ ದೊಡ್ಡ ಖರ್ಚು.

ನಂತರ ಇಂಜಿನ್ ಚೆನ್ನಾಗಿ ಕಾಯಿಸಿ, ರಾತ್ರಿಯಿಡೀ ತಣಿಯಲು ಬಿಟ್ಟು, ಬೆಳಿಗ್ಗೆ ಬಿಗಿ ನೋಡಿದೆ. ಮೊದಲ ದಿನ ನಟ್ ಹೆಚ್ಚುಕಡಿಮೆ ಕಾಲು ಸುತ್ತು ಒಳಗೆ ಹೋಯಿತು. ಎರಡನೆಯ ದಿನ ಅದರ ಅರ್ಧ. ಮೂರನೆಯ ದಿನ ರೆಂಚ್ ಇಟ್ಟೊಡನೆ ಟಕ್ ಎಂದಿತು. ಮತ್ತೆ ಗೆರೆ ಎಳೆದೆ. ಅವತ್ತಿನಿಂದ ಸ್ಪ್ಯಾನರ್ ಮುಟ್ಟಿಸಿದ್ದು ಪರೀಕ್ಷೆಗೆ ಮಾತ್ರ, ಎರಡೋ ಮೂರೋ ಸಲ.

ಸೈಲೆನ್ಸರಿನ ಹೀಟ್ ಶೀಲ್ಡ್ ಸ್ಕ್ರೂ ಮಾತ್ರ ಹೋದ ವಾರ ಎಲ್ಲೋ ಬಿದ್ದುಹೋಯಿತು. ಅದನ್ನು ಮೆಕ್ಯಾನಿಕ್‌ಗೆ ಇನ್ನೂ ಹೇಳಿಲ್ಲ.