ಮನೆಯ ಔಷಧಿ ಡಬ್ಬಿಯಲ್ಲಿ ಇದೂ ಒಂದಿರಲಿ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಬಂದ ಹೊಸತರಲ್ಲಿ ಬ್ಯಾಂಕ್ ಖಾತೆ, ಲೈಸೆನ್ಸ್, ಮಕ್ಕಳ ಶಾಲೆ ಅಂತ ಓಡಾಟವೇ ಓಡಾಟ. ಅದರ ನಡುವೆ ಫಾರ್ಮಸಿಗೆ ಹೋದಾಗ ಜ್ವರದ ಮಾತ್ರೆಯ ಜೊತೆ ನಲೊಕ್ಸೋನ್ ಕೂಡ ತಂದಿಡಿ. ನಾರ್ಕಾನ್ ಅಂತ ಕೇಳಿದರೆ ಬೇಗ ಗೊತ್ತಾಗುತ್ತದೆ. ಒಪಿಯಾಯ್ಡ್ (ಅಫೀಮಿನ ಜಾತಿಯ ನೋವಿನ ಮದ್ದು, ಮಾದಕವಸ್ತು) ಮಿತಿಮೀರಿ ಉಸಿರು ನಿಲ್ಲುತ್ತಿರುವವರ ಜೀವ ಉಳಿಸುವ ಮೂಗಿನ ಸ್ಪ್ರೇ ಇದು.

"ನಮ್ಮ ಮನೆಗೆ ಅದೆಲ್ಲ ಯಾಕೆ?" ಅಂತ ನಾನೂ ಅಂದವನೇ. ಆಮೇಲೆ ನಮ್ಮಾಕೆಗೆ ಆಪರೇಷನ್ ಆಗಿ ಆಕ್ಸಿಕೊಡೋನ್ ಎಂಬ ನೋವಿನ ಮಾತ್ರೆಯ ಬಾಟಲಿ ಮನೆಗೆ ಬಂತು. ಅದೂ ಒಪಿಯಾಯ್ಡೇ! ಇನ್ನು ಕಾಲೇಜಿಗೆ ಹೋಗುವ ಮಕ್ಕಳು. ಗೆಳೆಯ ಕೊಟ್ಟ ಮಾತ್ರೆ ನೋಡಲು ಥೇಟ್ ಅಸಲಿಯಂತಿದ್ದರೂ ಒಳಗೆ ಫೆಂಟನಿಲ್ ಎಂಬ ಒಪಿಯಾಯ್ಡ್ ಇರಬಹುದು. ಹೆರಾಯಿನ್‌ಗಿಂತ ಸುಮಾರು 50 ಪಟ್ಟು ತೀವ್ರ ಅದು.

ನಲೊಕ್ಸೋನ್ ಔಷಧಿಗೆ ಇಲ್ಲಿ ಒಪ್ಪಿಗೆ ಸಿಕ್ಕಿದ್ದು 1971ರಲ್ಲೇ. ಆದರೆ ವೈದ್ಯರ ಚೀಟಿ ಬೇಕಿತ್ತು. ಪ್ರಜ್ಞೆ ತಪ್ಪಿ ಬಿದ್ದವರು ಚೀಟಿ ಹಿಡಿದು ಹೋಗುತ್ತಾರೆಯೇ? ಮನೆಯವರ, ಗೆಳೆಯರ ಕೈಗೆ ಇದು ಸಿಗುವಂತೆ ಮೊದಲು ಕಾನೂನು ತಂದದ್ದು ನ್ಯೂ ಮೆಕ್ಸಿಕೊ, 2001ರಲ್ಲಿ. ಉಳಿದ ರಾಜ್ಯಗಳು ಒಂದೊಂದಾಗಿ ಹಿಂಬಾಲಿಸಿದವು. 2023ರ ಮಾರ್ಚಿನಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಡಿಎ ನಾರ್ಕಾನ್ ಸ್ಪ್ರೇಯನ್ನು ಚೀಟಿಯಿಲ್ಲದೆ ಮಾರಲು ಬಿಟ್ಟಿತು. ಆಗ ಕಂಪನಿ ಹೇಳಿದ ಬೆಲೆ ಎರಡು ಡೋಸಿಗೆ 45 ಡಾಲರ್‌ಗಿಂತ ತುಸು ಕಡಿಮೆ. ಎಷ್ಟೋ ಕೌಂಟಿಗಳ ಆರೋಗ್ಯ ಇಲಾಖೆಯವರು ಪುಕ್ಕಟೆ ಕೊಡುತ್ತಾರೆ, ಮೊದಲು ಅಲ್ಲಿ ವಿಚಾರಿಸಿ. ಕೌಂಟರಿನಲ್ಲಿ ಕೇಳುವಾಗ ನಾನು ಸುಮ್ಮನೆ ದನಿ ತಗ್ಗಿಸಿದ್ದೆ. ಆ ಹುಡುಗಿ ತಲೆ ಕೂಡ ಎತ್ತದೆ ಬಿಲ್ ಹೊಡೆದಳು.

ತುಟಿ ನೀಲಿ, ಗೊರಗೊರ ಸದ್ದು, ಕಣ್ಣಪಾಪೆ ಸೂಜಿಮೊನೆಯಷ್ಟು, ಎದೆಮೂಳೆಯನ್ನು ಗಟ್ಟಿಯಾಗಿ ಉಜ್ಜಿದರೂ ಏಳುತ್ತಿಲ್ಲ ಅಂದರೆ ಕಾಯಬೇಡಿ. ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಒಂದು ಹೊಳ್ಳೆಯೊಳಗೆ ನಳಿಕೆ ಪೂರ್ತಿ ಇಟ್ಟು ಒತ್ತಿ. ಮೊದಲೇ ಒತ್ತಿ ಪರೀಕ್ಷೆ ಮಾಡಿದಿರೋ, ಮುಗೀತು: ಒಂದು ಸ್ಪ್ರೇ ಒಳಗಿರುವುದು ಒಂದೇ ಡೋಸ್. ಎರಡು ಮೂರು ನಿಮಿಷಕ್ಕೂ ಏಳದಿದ್ದರೆ ಎರಡನೆಯ ಸ್ಪ್ರೇ, ಇನ್ನೊಂದು ಹೊಳ್ಳೆಗೆ. ಬಿದ್ದದ್ದು ಬೇರೆ ಕಾರಣಕ್ಕೇ ಆಗಿದ್ದರೂ ಇದರಿಂದ ಕೆಡುಕಿಲ್ಲ. ಎದ್ದು ಕೂತು "ನಾನು ಸರಿಯಾಗಿದ್ದೀನಿ" ಅಂದರೂ ಆಂಬುಲೆನ್ಸ್ ಬರುವ ತನಕ ಬಿಡಬೇಡಿ. ಔಷಧಿಯ ಬಲ 30ರಿಂದ 90 ನಿಮಿಷ ಅಷ್ಟೇ, ಆಮೇಲೆ ಉಸಿರು ಮತ್ತೆ ಕುಸಿಯಬಹುದು.

ನಮ್ಮವರು ಹೆದರುವುದು ಪೊಲೀಸರಿಗೆ, ವೀಸಾಕ್ಕೆ. ಕರೆ ಮಾಡಿದವರನ್ನು ಕಾಯುವ ಗುಡ್ ಸಮರಿಟನ್ ಕಾನೂನುಗಳಿವೆ, ಆದರೆ ರಾಜ್ಯಕ್ಕೊಂದು ಥರ. ವಲಸೆ ವಿಷಯ ಕೇಂದ್ರ ಸರ್ಕಾರದ್ದು, ಅಲ್ಲಿ ರಾಜ್ಯದ ರಕ್ಷಣೆ ನಡೆಯುತ್ತದೆಂದು ನಂಬಿ ಕೂರಬೇಡಿ. ಅಂಥ ಪ್ರಶ್ನೆ ಬಂದರೆ ಆಮೇಲೆ ವಕೀಲರನ್ನು ಕೇಳೋಣ, ಕರೆ ಮಾತ್ರ ಆ ಕ್ಷಣವೇ ಆಗಬೇಕು.

ಬೇಸಿಗೆಯಲ್ಲಿ ಸ್ಪ್ರೇಯನ್ನು ಕಾರಿನಲ್ಲಿ ಬಿಡಬೇಡಿ. ನಮ್ಮ ಮನೆಯಲ್ಲಿ ಅದು ಥರ್ಮಾಮೀಟರ್ ಪಕ್ಕದಲ್ಲಿರುತ್ತದೆ, ಮುಗಿಯುವ ತಾರೀಖು ಮೇಲೆ ಕಾಣುವಂತೆ.