ಶಟ್‌ಡೌನ್ ಆಗಿಯೂ ಆಗದ ಕಂಪ್ಯೂಟರ್

ಹಾರ್ಡ್ ಡಿಸ್ಕ್ ಒಳಗಿಂದ ಟಕ್ ಟಕ್ ಸದ್ದು ಬರತೊಡಗಿತ್ತು. ಫೈಲುಗಳನ್ನಷ್ಟೇ ಕಾಪಿ ಮಾಡಿಕೊಂಡರೆ ವಿಂಡೋಸ್, ಪ್ರೋಗ್ರಾಮು, ಸೆಟ್ಟಿಂಗು ಎಲ್ಲ ಮತ್ತೆ ಮೊದಲಿಂದ ಹಾಕಬೇಕು. ಇಡೀ ಡಿಸ್ಕಿನ ಇಮೇಜನ್ನೇ, ಅಂದರೆ ಇದ್ದದ್ದು ಇದ್ದಂತೆ ನಕಲನ್ನೇ, ತೆಗೆದಿಡೋಣವೆಂದು ಆ ಕೆಲಸ ಮಾಡುವ ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿದೆ.

ಸಿ ಡ್ರೈವಿನ ಸರದಿ ಬಂದದ್ದೇ ಕೆಲಸ ನಿಂತಿತು. ಎನ್‌ಟಿಎಫ್‌ಎಸ್ (ಡ್ರೈವಿನಲ್ಲಿ ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಸರಿಯಾಗಿ ಮುಚ್ಚಿಲ್ಲ ಎಂಬ ಅರ್ಥದ ಎರರ್. ಮೂರು ಸಲ ಶಟ್‌ಡೌನ್ ಮಾಡಿ ಬಂದರೂ ಅದೇ ರಾಗ. ಡಿಸ್ಕಿನ ಕಥೆ ಮುಗಿಯಿತು ಅಂದುಕೊಂಡೆ.

ಡಿಸ್ಕಿನದ್ದಲ್ಲ, ವಿಂಡೋಸ್ ಬೇಗ ಶುರುವಾಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಎಂಬ ಸೆಟ್ಟಿಂಗಿನ ಕಾರುಬಾರು ಅದು! ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ತಿರುಳಾದ ಕರ್ನಲ್‌ನ ಸ್ಥಿತಿಯನ್ನು ಹೈಬರ್ನೇಷನ್ ಫೈಲಿಗೆ ಬರೆದಿಟ್ಟು ಅರೆನಿದ್ದೆಗೆ ಜಾರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಪುಟಕ್ಕೆ ಹೋದೆ. ಫಾಸ್ಟ್ ಸ್ಟಾರ್ಟಪ್‌ನ ಟಿಕ್ ಬೂದು ಬಣ್ಣದಲ್ಲಿತ್ತು, ಒತ್ತಿದರೆ ಜಪ್ಪಯ್ಯ ಅನ್ನಲಿಲ್ಲ. ಮೇಲಿರುವ, ಸದ್ಯ ಲಭ್ಯವಿಲ್ಲದ ಸೆಟ್ಟಿಂಗ್ ಬದಲಿಸಿ ಎಂಬ ಲಿಂಕನ್ನು ಮೊದಲು ಒತ್ತಬೇಕಂತೆ. ಆಮೇಲೆ ಟಿಕ್ ತೆಗೆದು, ಡಿಸ್ಕಿನ ದೋಷ ಹುಡುಕುವ ಚೆಕ್‌ಡಿಸ್ಕ್ ಒಮ್ಮೆ ಓಡಿಸಿ, ಮತ್ತೆ ಶಟ್‌ಡೌನ್ ಮಾಡಿದೆ.

ಈ ಸಲ ಇಮೇಜ್ ಸರಾಗವಾಗಿ ಬಂತು. ಬಳಸಿದ ಬ್ಲಾಕುಗಳನ್ನಷ್ಟೇ ಹಿಂಡಿ ಉಳಿಸುವುದರಿಂದ 500 ಜಿಬಿ ಡಿಸ್ಕಿನ ಇಮೇಜ್ 110 ಜಿಬಿಯಲ್ಲೇ ಮುಗಿಯಿತು.

ಹೊಸ ಎಸ್‌ಎಸ್‌ಡಿ 480 ಜಿಬಿಯದ್ದು ತರಲು ಹೊರಟಿದ್ದೆ, ಪುಣ್ಯಕ್ಕೆ ತರಲಿಲ್ಲ. ಹಳೆಯದಕ್ಕಿಂತ ಚಿಕ್ಕ ಡಿಸ್ಕಿಗೆ ರಿಸ್ಟೋರ್ ಮಾಡಲು ಕ್ಲೋನ್‌ಜಿಲ್ಲಾ ಸುಲಭಕ್ಕೆ ಒಪ್ಪುವುದಿಲ್ಲ. 1 ಟಿಬಿಯದ್ದಕ್ಕೆ ಹಾಕಿದೆ, ಮೊದಲ ಸಲಕ್ಕೇ ಡೆಸ್ಕ್‌ಟಾಪ್ ಬಂತು, ಹಳೆಯ ವಾಲ್‌ಪೇಪರ್ ಸಮೇತ.