ವಿಳಾಸ ತಾಳೆಯಾಗದಿದ್ದಾಗ ಆಟೋಫಿಲ್ ಸುಮ್ಮನಾಗುವುದೇಕೆ: ನನ್ನ ಅನುಭವ

ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕಂಪ್ಯೂಟರ್ ಮತ್ತು ಲಾಗಿನ್‌ಗಳ ಉಸ್ತುವಾರಿ ನನ್ನದು. ಜಿಎಸ್‌ಟಿ, ಆದಾಯ ತೆರಿಗೆ, ಭವಿಷ್ಯ ನಿಧಿ, ಬ್ಯಾಂಕ್ ಎಂದು ದಿನಕ್ಕೆ ಹತ್ತಾರು ಕಡೆ ಲಾಗಿನ್ ಆಗಬೇಕಾದ ಕೆಲಸ ಇದು. ಹಾಗಾಗಿ ಎಲ್ಲ ಪಾಸ್‌ವರ್ಡ್‌ಗಳನ್ನೂ ಬಿಟ್‌ವಾರ್ಡನ್ ಎಂಬ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ, ಅಂದರೆ ಪಾಸ್‌ವರ್ಡ್‌ಗಳನ್ನು ಕಾಪಾಡಿ ಬೇಕಾದಾಗ ತುಂಬಿಸುವ ತಂತ್ರಾಂಶದಲ್ಲಿ ಇಟ್ಟು, ಬ್ರೌಸರ್‌ಗೆ ಸೇರಿಸಿಕೊಂಡ ಅದರ ಎಕ್ಸ್‌ಟೆನ್ಷನ್ ಮೂಲಕವೇ ತುಂಬಿಸುತ್ತೇವೆ. ಇದನ್ನೇ ಆಟೋಫಿಲ್ ಎನ್ನುವುದು. 2025ರ ಕೊನೆಯ ತಿಂಗಳುಗಳಲ್ಲಿ ಒಂದು ಬೆಳಿಗ್ಗೆ ಸಹೋದ್ಯೋಗಿಯೊಬ್ಬರು ತಮ್ಮ ಮೇಜಿನಿಂದಲೇ ಕೇಳಿದರು: "ಸರ್, ಬ್ಯಾಂಕಿಂದು ತುಂಬ್ಕೊಳ್ತಾನೇ ಇಲ್ಲ. ಹುಡುಕಿ ಕಾಪಿ ಮಾಡಿ ಹಾಕ್ಬಿಡ್ಲಾ?"

ಬೇಡವೆಂದು ಹೇಳಿ ಎದ್ದು ಹೋಗಿ ನೋಡಿದೆ. ಲಾಂಛನ, ಬಣ್ಣ, ಬಳಕೆದಾರರ ಹೆಸರಿನ ಚೌಕ, ಪರದೆಯ ಮೇಲಿನ ಕೀಲಿಮಣೆ ಎಲ್ಲವೂ ಎಂದಿನಂತೆಯೇ ಇದ್ದವು. ಆದರೆ ಬಿಟ್‌ವಾರ್ಡನ್ ಚಿಹ್ನೆಯ ಮೇಲೆ ಸದಾ ಕಾಣುತ್ತಿದ್ದ '1' ಎಂಬ ಅಂಕಿ ಇರಲಿಲ್ಲ. ಈ ಪುಟಕ್ಕೆ ಹೊಂದುವ ಲಾಗಿನ್ ಎಷ್ಟಿವೆ ಎಂಬುದನ್ನು ಆ ಅಂಕಿ ಹೇಳುತ್ತದೆ. ಅದು ಇಲ್ಲವೆಂದರೆ ಒಂದೂ ಹೊಂದುತ್ತಿಲ್ಲ ಎಂದರ್ಥ. ಬ್ರೌಸರ್‌ನ ಮೇಲ್ಭಾಗದಲ್ಲಿ ವಿಳಾಸ ಕಾಣುವ ಸಾಲನ್ನು ನೋಡಿದಾಗ ಕಾರಣ ಗೊತ್ತಾಯಿತು. 'ಡಾಟ್ ಕಾಮ್' ಎಂದು ಮುಗಿಯುತ್ತಿದ್ದ ಬ್ಯಾಂಕಿನ ವಿಳಾಸ ಈಗ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುತ್ತಿತ್ತು.

ಭಾರತೀಯ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್ ತಿಂಗಳ ಸುತ್ತೋಲೆಯಲ್ಲಿ, ಎಲ್ಲ ಬ್ಯಾಂಕುಗಳೂ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು 'ಬ್ಯಾಂಕ್ ಡಾಟ್ ಇನ್' ಅಡಿಯ ಹೆಸರುಗಳಿಗೆ ಬದಲಾಯಿಸಬೇಕೆಂದು ತಿಳಿಸಿತ್ತು. ಈ ಹೆಸರುಗಳನ್ನು ನೋಂದಾಯಿಸುವ ಅಧಿಕಾರ ರಿಸರ್ವ್ ಬ್ಯಾಂಕ್ ಸ್ಥಾಪಿಸಿದ, ಬ್ಯಾಂಕಿಂಗ್ ತಂತ್ರಜ್ಞಾನದ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ ಇರುವುದರಿಂದ, ವಂಚಕನೊಬ್ಬ ದುಡ್ಡು ಕೊಟ್ಟು ಇಂಥ ಹೆಸರನ್ನು ಕೊಳ್ಳಲಾರ. ನನಗೆ ಇದು ನಿಜವಾಗಿಯೂ ಒಳ್ಳೆಯ ವ್ಯವಸ್ಥೆ ಎನಿಸುತ್ತದೆ. ಆದರೆ ಪಾಸ್‌ವರ್ಡ್ ಮ್ಯಾನೇಜರ್‌ಗೆ ಸುತ್ತೋಲೆ ತಿಳಿಯುವುದಿಲ್ಲ. ಉಳಿಸಿಟ್ಟ ವಿಳಾಸವನ್ನೂ ತೆರೆದಿರುವ ಪುಟದ ವಿಳಾಸವನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸುವುದಷ್ಟೇ ಅದರ ಕೆಲಸ. ಬ್ಯಾಂಕು ತಾನೇ ವಿಳಾಸ ಬದಲಿಸಿದರೂ, ವಂಚಕ ನಕಲಿ ಪುಟ ಕಟ್ಟಿದರೂ ಅದಕ್ಕೆ ಎರಡೂ ಒಂದೇ, ಎರಡರಲ್ಲೂ ಸುಮ್ಮನಿರುತ್ತದೆ. ಆ ಸುಮ್ಮನಿರುವಿಕೆಯೇ ನಮಗೆ ಕಾವಲು. ಇಂಗ್ಲಿಷಿನ 'ಎಂ' ಇರಬೇಕಾದಲ್ಲಿ 'ಆರ್' ಮತ್ತು 'ಎನ್' ಒತ್ತೊತ್ತಾಗಿ ಕೂತಿದ್ದರೆ, ದಿನವಿಡೀ ಪರದೆ ನೋಡಿ ದಣಿದ ನಮ್ಮ ಕಣ್ಣು ಮೋಸಹೋಗುತ್ತದೆ, ಹೋಲಿಸುವ ತಂತ್ರಾಂಶ ಮೋಸಹೋಗುವುದಿಲ್ಲ. ಕೈಯಾರೆ ಕಾಪಿ ಮಾಡಿ ಅಂಟಿಸುವವರು ಈ ಕಾವಲನ್ನು ತಾವೇ ತೆಗೆದುಹಾಕುತ್ತಾರೆ.

ಅಂದು ನಾನು ಮೊದಲು ಆ ಟ್ಯಾಬನ್ನು ಮುಚ್ಚಿಸಿದೆ. ಸಹೋದ್ಯೋಗಿ ಬುಕ್‌ಮಾರ್ಕ್‌ನಿಂದ ಬಂದರೋ, ಹುಡುಕಾಟದ ಫಲಿತಾಂಶದಿಂದ ಬಂದರೋ ಅವರಿಗೇ ನೆನಪಿರಲಿಲ್ಲ. ಹೊಸ ಟ್ಯಾಬಿನಲ್ಲಿ ಬ್ಯಾಂಕಿನ ಹಳೆಯ ವಿಳಾಸವನ್ನು ನಾನೇ ಟೈಪ್ ಮಾಡಿದೆ. ಅದು ತಾನಾಗಿ ಹೊಸ ವಿಳಾಸಕ್ಕೆ ಕರೆದೊಯ್ದಿತು. ಅಷ್ಟಕ್ಕೇ ಬಿಡದೆ ಶಾಖೆಗೆ ಫೋನ್ ಮಾಡಿ ವಿಳಾಸವನ್ನು ಅಕ್ಷರ ಬಿಡಿಸಿ ಓದಿ ಕೇಳಿಸಿದೆ. ಅವರು ಹೌದೆಂದ ಮೇಲೆಯೇ ಬಿಟ್‌ವಾರ್ಡನ್ ತೆರೆದು ಅದೇ ಲಾಗಿನ್‌ಗೆ ಎರಡನೆಯ ವಿಳಾಸವಾಗಿ ಅದನ್ನು ಸೇರಿಸಿದೆ. ಹತ್ತು ನಿಮಿಷ ಹಿಡಿಯಿತು.

ಸೇರಿಸುವಾಗ ಹೋಲಿಕೆಯ ಬಗೆಯನ್ನೂ ಬದಲಿಸಿದೆ. ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿಟ್‌ವಾರ್ಡನ್‌ನಲ್ಲಿ ಪ್ರತಿ ವಿಳಾಸದ ಪಕ್ಕದಲ್ಲಿ, ಅದನ್ನು ಹೇಗೆ ಹೋಲಿಸಬೇಕು ಎಂಬ ಆಯ್ಕೆ ಇರುತ್ತದೆ. ನಾವು ಏನೂ ಮುಟ್ಟದಿದ್ದರೆ ಅದು 'ಬೇಸ್ ಡೊಮೇನ್', ಅಂದರೆ ಯಾರೋ ಒಬ್ಬರ ಹೆಸರಿನಲ್ಲಿ ನೋಂದಾಯಿತವಾದ ಮೂಲ ಹೆಸರು ಹೊಂದಿದರೆ ಸಾಕು, ಅದರ ಮುಂದೆ ಚುಕ್ಕೆಯಿಟ್ಟು ಸೇರಿಸಿದ ಯಾವ ಉಪಹೆಸರಿದ್ದರೂ ನಡೆಯುತ್ತದೆ. ಆ ಮೂಲ ಹೆಸರು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ತಿಳಿಯಲು ಇಂಥ ತಂತ್ರಾಂಶಗಳು, ಮೊಜಿಲ್ಲಾ ಆರಂಭಿಸಿದ 'ಪಬ್ಲಿಕ್ ಸಫಿಕ್ಸ್ ಲಿಸ್ಟ್' ಎಂಬ ಪಟ್ಟಿಯನ್ನು ನೋಡುತ್ತವೆ. 'ಕೋ ಡಾಟ್ ಇನ್', 'ಗವ್ ಡಾಟ್ ಇನ್' ಇವುಗಳ ಅಡಿಯಲ್ಲಿ ಬೇರೆ ಬೇರೆಯವರ ಹೆಸರುಗಳಿರುತ್ತವೆ ಎಂದು ಆ ಪಟ್ಟಿಯಲ್ಲಿ ಇರುವುದರಿಂದಲೇ, ಜಿಎಸ್‌ಟಿ ಪೋರ್ಟಲ್‌ನ ಪಾಸ್‌ವರ್ಡ್ ಆದಾಯ ತೆರಿಗೆಯ ಪುಟದಲ್ಲಿ ತಲೆ ಹಾಕುವುದಿಲ್ಲ. ಒಂದು ವೇಳೆ ಯಾವುದೋ ಹಳೆಯ ತಂತ್ರಾಂಶದ ಪಟ್ಟಿಯಲ್ಲಿ 'ಬ್ಯಾಂಕ್ ಡಾಟ್ ಇನ್' ಇಲ್ಲದಿದ್ದರೆ, ಅದನ್ನೇ ಮೂಲ ಹೆಸರೆಂದು ತಿಳಿದು, ಒಂದು ಬ್ಯಾಂಕಿನ ಪಾಸ್‌ವರ್ಡನ್ನು ಇನ್ನೊಂದು ಬ್ಯಾಂಕಿನ ಪುಟದಲ್ಲಿ ತೋರಿಸಿಬಿಡಬಹುದು. ಆ ಸಂದೇಹಕ್ಕೆ ಎಡೆಯೇ ಇರಬಾರದೆಂದು ಹಣದ ವ್ಯವಹಾರದ ಎಲ್ಲ ಲಾಗಿನ್‌ಗಳಿಗೂ 'ಹೋಸ್ಟ್' ಎಂಬ ಆಯ್ಕೆ ಇಟ್ಟಿದ್ದೇನೆ. ಆಗ ಉಪಹೆಸರೂ ಸೇರಿ ಪೂರ್ತಿ ಹೆಸರು ಹೊಂದಬೇಕು.

ಎಲ್ಲ ಕಡೆಯೂ ಹೋಸ್ಟ್ ಇಡುವುದು ಸರಿಯಲ್ಲ. ಭವಿಷ್ಯ ನಿಧಿಯಲ್ಲಿ ಸದಸ್ಯರ ಪೋರ್ಟಲ್‌ಗೆ ಒಂದು ಉಪಹೆಸರು, ಪಾಸ್‌ಬುಕ್‌ಗೆ ಇನ್ನೊಂದು, ಆದರೆ ಯುಎಎನ್ (ಸದಸ್ಯರ ಭವಿಷ್ಯ ನಿಧಿ ಸಂಖ್ಯೆ) ಮತ್ತು ಪಾಸ್‌ವರ್ಡ್ ಒಂದೇ. ಅಲ್ಲಿ ಬೇಸ್ ಡೊಮೇನ್ ಇದ್ದರೇ ಅನುಕೂಲ. ನಮ್ಮ ಕಚೇರಿಯೊಳಗೆ ಇದಕ್ಕೆ ತಿರುವುಮುರುವಾದ ತೊಂದರೆಯಿತ್ತು. ಫೈಲ್‌ಗಳ ಸರ್ವರ್ ಮತ್ತು ಬ್ಯಾಕಪ್‌ನ ಆಡಳಿತ ಪುಟ ಒಂದೇ ಐಪಿ ವಿಳಾಸದಲ್ಲಿ (ಜಾಲದಲ್ಲಿ ಕಂಪ್ಯೂಟರಿನ ಸಂಖ್ಯಾರೂಪದ ವಿಳಾಸ), ಬೇರೆ ಬೇರೆ ಪೋರ್ಟ್‌ಗಳಲ್ಲಿ (ಒಂದೇ ಕಂಪ್ಯೂಟರಿನ ಬೇರೆ ಬೇರೆ ಸೇವೆಗಳ ಬಾಗಿಲು ಸಂಖ್ಯೆ) ಇವೆ. ಎರಡೂ ಕಡೆ ಎರಡೂ ಲಾಗಿನ್ ಕಾಣಿಸುತ್ತಿದ್ದವು, ಒಬ್ಬರು ಒಂದರ ಪಾಸ್‌ವರ್ಡನ್ನು ಇನ್ನೊಂದರಲ್ಲಿ ಮೂರು ಸಲ ತುಂಬಿಸಿ ಖಾತೆ ಲಾಕ್ ಆಗಿತ್ತು. ಹೋಸ್ಟ್ ಆಯ್ಕೆಯಲ್ಲಿ ಪೋರ್ಟ್ ಸಂಖ್ಯೆಯೂ ಲೆಕ್ಕಕ್ಕೆ ಬರುವುದರಿಂದ, ಬದಲಿಸಿದ ಮೇಲೆ ಆ ಗೊಂದಲ ಮತ್ತೆ ಬರಲಿಲ್ಲ.

ಉಳಿಸಿದ ವಿಳಾಸದಿಂದ ಆರಂಭವಾಗುವ ಯಾವ ವಿಳಾಸವನ್ನಾದರೂ ಒಪ್ಪುವ 'ಸ್ಟಾರ್ಟ್ಸ್ ವಿತ್' ಎಂಬ ಆಯ್ಕೆಯಲ್ಲಿ ಮಾತ್ರ ತುಂಬ ಎಚ್ಚರ ಬೇಕು. ವಿಳಾಸದ ಕೊನೆಗೆ ಓರೆಗೀಟು (/) ಹಾಕದೆ ಉಳಿಸಿದರೆ, ಬ್ಯಾಂಕಿನ ಪೂರ್ತಿ ಹೆಸರನ್ನು ಮೊದಲಿಗಿಟ್ಟು ಅದರ ಬೆನ್ನಿಗೇ ಚುಕ್ಕೆಯಿಟ್ಟು ಬೇರೆಯವರ ಡೊಮೇನ್ ಅಂಟಿಸಿದ ವಿಳಾಸವೂ ಅದಕ್ಕೆ ಹೊಂದಿಬಿಡುತ್ತದೆ. ನಮ್ಮಲ್ಲಿ ಹಿಂದೆ ಯಾರೋ ಹಾಗೆ ಉಳಿಸಿದ್ದ ಎರಡು ಲಾಗಿನ್‌ಗಳು ಈ ಪರಿಶೀಲನೆಯಲ್ಲಿ ಸಿಕ್ಕವು. ಅವನ್ನು ಅಂದೇ ಸರಿಪಡಿಸಿದೆ. ಸಂಕೇತಗಳಿಂದ ಹೋಲಿಕೆಯ ಮಾದರಿಯನ್ನು ನಾವೇ ಬರೆಯುವ 'ರೆಗ್ಯುಲರ್ ಎಕ್ಸ್‌ಪ್ರೆಷನ್' ಆಯ್ಕೆ ನಮ್ಮಂಥ ಕಚೇರಿಗೆ ಬೇಕಿಲ್ಲ. ಅಲ್ಲಿ ಬರಿಯ ಚುಕ್ಕೆಗೆ 'ಯಾವ ಅಕ್ಷರವಾದರೂ ಸರಿ' ಎಂಬ ಅರ್ಥವಿದೆ, ಅದನ್ನು ಮರೆತು ಬರೆದರೆ ಬೇಲಿಯಲ್ಲಿ ನಾವೇ ಕಂಡಿ ಬಿಟ್ಟಂತೆ.

ಹಳೆಯ ಮತ್ತು ಹೊಸ ಡೊಮೇನ್‌ಗಳನ್ನು 'ಸಮಾನ ಡೊಮೇನ್' ಎಂದು ಸೆಟ್ಟಿಂಗ್ಸ್‌ನಲ್ಲಿ ಜೋಡಿಸುವ ದಾರಿಯೂ ಇದೆ. ಗೂಗಲ್ ಮತ್ತು ಯೂಟ್ಯೂಬ್ ಎರಡಕ್ಕೂ ಒಂದೇ ಲಾಗಿನ್ ಕಾಣಿಸುವುದು ಇಂಥ ಜೋಡಣೆಯಿಂದಲೇ. ನಾನು ಬ್ಯಾಂಕಿಗೆ ಅದನ್ನು ಬಳಸಲಿಲ್ಲ. ಬಿಟ್ಟುಹೋದ ಹಳೆಯ ಹೆಸರನ್ನು ಬ್ಯಾಂಕು ನವೀಕರಿಸದಿದ್ದರೆ ಮುಂದೊಂದು ದಿನ ಬೇರೆಯವರು ಅದನ್ನು ಕೊಳ್ಳಬಹುದು, ಆಗ ಜೋಡಣೆ ಇನ್ನೂ ಉಳಿದಿದ್ದರೆ ನಮ್ಮ ಪಾಸ್‌ವರ್ಡ್ ಅವರ ಪುಟದಲ್ಲೂ ತುಂಬಿಕೊಳ್ಳಲು ಸಿದ್ಧವಾಗಿ ಕೂರುತ್ತದೆ. ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್ 2021ರ ಜೂನ್ 7ರಂದು ಹೊಸ ವಿಳಾಸಕ್ಕೆ ಬಂದಿತ್ತು. ಅದರ ಹಳೆಯ ವಿಳಾಸ ನಮ್ಮ ಹಲವು ಗ್ರಾಹಕರ ಲಾಗಿನ್‌ಗಳಲ್ಲಿ ನಾಲ್ಕು ವರ್ಷದ ನಂತರವೂ ಹಾಗೆಯೇ ಇತ್ತು. ಅದು 'ಗವ್ ಡಾಟ್ ಇನ್' ಹೆಸರಾದ್ದರಿಂದ ಹೊರಗಿನವರ ಕೈಗೆ ಸಿಗುವಂಥದ್ದಲ್ಲ. 'ಡಾಟ್ ಕಾಮ್' ಹೆಸರುಗಳಿಗೆ ಆ ರಕ್ಷಣೆಯಿಲ್ಲ.

ಎಲ್ಲ ಬ್ಯಾಂಕುಗಳ ಹೊಸ ವಿಳಾಸಗಳನ್ನೂ ಹೀಗೆಯೇ ಒಂದೊಂದಾಗಿ ಖಚಿತಪಡಿಸಿಕೊಂಡು ಸೇರಿಸಲು ಎರಡು ವಾರ ಹಿಡಿಯಿತು. ಹೊಸ ವಿಳಾಸದಲ್ಲಿ ತಿಂಗಳಿಡೀ ತೊಡಕಿಲ್ಲದೆ ಕೆಲಸ ನಡೆದ ಮೇಲೆ ಹಳೆಯ ವಿಳಾಸಗಳನ್ನು ಅಳಿಸಿದೆ. ಈಗ ಚಿಹ್ನೆಯ ಮೇಲೆ ಅಂಕಿ ಕಾಣದಿದ್ದರೆ ಸಹೋದ್ಯೋಗಿಗಳು ಕಾಪಿ ಮಾಡಲು ಹೋಗುವುದಿಲ್ಲ. ಟ್ಯಾಬನ್ನು ಹಾಗೆಯೇ ಬಿಟ್ಟು, "ಸರ್, ಒಂದ್ಸಲ ವಿಳಾಸ ನೋಡ್ತೀರಾ?" ಎಂದು ಕರೆಯುತ್ತಾರೆ.